ಮಾತಾಡದೆ ತಂದ ಬೇರು

ಹೋದ ವಾರ ಹೊಲದ ಬದುವಿನ ಮೇಲೆ ಅಗೆಯುವಾಗ ಸಲಿಕೆಗೆ ಸಿಕ್ಕಿ ಒಂದು ಬೇರು ತುಂಡಾಯಿತು. ಹಸಿ ಮಣ್ಣು ಕೂಡಿದ ಆ ಕಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಅಲ್ಲೇ ಕೂತುಬಿಟ್ಟೆ. ಹಿಂದೆ ಪಕ್ಕದ ಮನೆಯಲ್ಲಿದ್ದ ಮಾಸ್ತರು ನೆನಪಾದರು...

ವಿಜ್ಞಾನ ಕಲಿಸುತ್ತಿದ್ದರು. ಗ್ರಹಣದ ಹೊತ್ತಿಗೆ ಊರೆಲ್ಲ ಬಾಗಿಲು ಹಾಕಿಕೊಂಡಿದ್ದರೆ, ಶಾಲೆಯ ಕಟ್ಟೆ ಮೇಲೆ ಕೂತು ಗಿರಮಿಟ್ ತಿಂದು ತೋರಿಸಿದ ಆಸಾಮಿ. ಅಂಥವರ ಹೆಂಡತಿಗೆ, ನಾನು ವೈನಿ ಅನ್ನುತ್ತಿದ್ದೆ, ಕ್ಯಾನ್ಸರ್ ಬಂತು. ಅದೂ ಬಹಳ ಅಪರೂಪದ್ದು. ಕಿಮೋ ಕೊಟ್ಟು ನೋಡೋಣ, ಆದರೆ ಖಾತ್ರಿ ಹೇಳಲಾರೆ ಎಂದರು ಹುಬ್ಬಳ್ಳಿಯ ಡಾಕ್ಟರು. ಮೊದಲನೆಯ ಸಲಕ್ಕೇ ವೈನಿಯ ಕೂದಲು ಹೋಯಿತು, ಬಾಯೆಲ್ಲ ಹುಣ್ಣಾಗಿ ಗಂಜಿಯೂ ಇಳಿಯಲಿಲ್ಲ. ಇನ್ನೊಮ್ಮೆ ಬೇಡವೆಂದು ಅತ್ತರು. ಮಾಸ್ತರಿಗೆ ಅತ್ತ ದರಿ, ಇತ್ತ ಪುಲಿ.

ನವಲಗುಂದದ ಕಡೆ ಒಬ್ಬ ಅಜ್ಜ ಬೇರು ಕೊಡುತ್ತಾನೆಂದು ಯಾರೋ ಹೇಳಿದರು. ನನ್ನ ಬೈಕಿನ ಮೇಲೆ ಇಬ್ಬರೂ ಹೋದೆವು. ಅಜ್ಜ ಒದ್ದೆ ಬಟ್ಟೆಯಲ್ಲಿ ಬೇರು ಸುತ್ತಿ ಮಾಸ್ತರ ಕೈಗಿಟ್ಟ.

"ಔಷಧ ಒಯ್ಯಾವ ಮನಿ ಮುಟ್ಟೂತನಕ ಬಾಯಿ ತೆರಿಬಾರದು. ಇದನ್ನ ತಗೊಳ್ಳೂವಾಗ ದವಾಖಾನಿ ಸೂಜಿ ಔಷಧ ನಡಿಯಂಗಿಲ್ಲ."

ಮಾಸ್ತರು ಹೂಂ ಅನ್ನಲೂ ಅಂಜಿ ತಲೆಯಾಡಿಸಿದರು.

ಮರಳಿ ಬರುತ್ತ ಯರಗುಪ್ಪಿ ದಾಟುವಾಗ ಅವರ ಕಿಸೆಯಲ್ಲಿ ಫೋನ್ ಬಡಿದುಕೊಂಡಿತು. ಬೈಕ್ ನಿಲ್ಲಿಸಿದೆ. ವೈನಿಯ ಫೋನು. ಮಾಸ್ತರು ಅದನ್ನು ಅಂಗೈಯಲ್ಲಿ ಹಿಡಿದು ಸುಮ್ಮನೆ ನೋಡಿದರು. ನಿಂತಿತು, ಮತ್ತೆ ಬಡಿದುಕೊಂಡಿತು. ಹೀಗೆ ಮೂರು ಸಲ... ಅವರ ಕಣ್ಣಲ್ಲಿ ನೀರು ಬಂದಿತ್ತು. ನಾನು ಬೈಕ್ ಚಾಲೂ ಮಾಡಿದೆ.

ಮನೆ ಮುಟ್ಟಿದಾಗ ವೈನಿ ಆಸ್ಪತ್ರೆಯ ಚೀಲ ಬಾಜು ಇಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಗಂಡನ ಕೈಯಲ್ಲಿ ಬೇರು ಕಂಡು ಚೀಲವನ್ನು ಮೆಲ್ಲಗೆ ಹಿಂದೆ ಸರಿಸಿದರು. ಯಾಕೆ ಫೋನ್ ಮಾಡಿದ್ದೆ ಎಂದು ಮಾಸ್ತರು ಕೇಳಿದ್ದಕ್ಕೆ, "ಏನಿಲ್ರಿ, ಎಲ್ಲಿತನಕ ಬಂದ್ರಿ ಅಂತ ಕೇಳಾಕ" ಅಂದರು.

ವೈನಿ ನನಗೆ ಖರೆ ಹೇಳಿದ್ದು ಎರಡು ದಿನ ಬಿಟ್ಟು. "ಇನ್ನೊಂದು ಕಿಮೋ ತಡಕೋತೀನಿ, ಹುಬ್ಬಳ್ಳಿಗೆ ಹೋಗೂಣು ಅನ್ನಾಕ ಫೋನ್ ಮಾಡಿದ್ದೆ. ಅಷ್ಟು ದೂರದಿಂದ ಬಾಯಿ ಕಟ್ಟಿಕೊಂಡು ತಂದಾರ, ಹೆಂಗ ಬ್ಯಾಡನ್ಲಿ? ನೀವೂ ಹೇಳಬ್ಯಾಡ್ರಿ."

ನಾನು ಹೇಳಲಿಲ್ಲ. ಗಂಡ ಹೆಂಡಿರ ನಡುವೆ ನಾನ್ಯಾಕೆ ಎಂದುಕೊಂಡೆ. ಬೇರು ತೇಯ್ದು ಕುಡಿದು ದಿನ ಕಳೆದವು. ಕಡೆಗೆ ಹುಬ್ಬಳ್ಳಿಗೆ ಹೋದಾಗ, ಕಿಮೋ ತಡೆಯುವ ಶಕ್ತಿ ಈಗ ಉಳಿದಿಲ್ಲ ಎಂದರು ಡಾಕ್ಟರು. ವೈನಿ ತೀರಿಕೊಂಡರು. ಮೊದಲೇ ಹುಬ್ಬಳ್ಳಿಗೆ ಹೋಗಿದ್ದರೂ ಉಳಿಯುತ್ತಿದ್ದರೋ ಇಲ್ಲವೋ, ಯಾರಿಗೆ ಗೊತ್ತು...

ಮಾಸ್ತರು ಬೇರೆ ಊರಿಗೆ ವರ್ಗ ಮಾಡಿಸಿಕೊಂಡರು. ಹೋಗುವ ದಿನ ನನ್ನನ್ನು ಕೇಳಿದರು. "ಆಕಿ ಅವತ್ತ ಏನರ ಹೇಳಾಕ ಫೋನ್ ಮಾಡಿದ್ಲೇನು?"

"ಇಲ್ರಿ" ಅಂದೆ.

ಹೋದ ವಾರ ಬದುವಿನಲ್ಲಿ ತುಂಡಾದ ಆ ಬೇರಿನ ಮೇಲೆ ಮಣ್ಣೆಳೆದು ಮನೆಗೆ ಬಂದೆ. ಕೈ ತೊಳೆದರೂ ವಾಸನೆ ಹೋಗಲಿಲ್ಲ. ಬಾಯಿ ತೆರೆಯಬಾರದು ಎಂದು ಅಜ್ಜ ಹೇಳಿದ್ದು ಔಷಧ ಒಯ್ಯುವವರಿಗೆ. ನಾನು ಬರೀ ಬೈಕ್ ಹೊಡೆಯುವವನು. ಆ ಫೋನು ನಾನು ಎತ್ತಬಹುದಿತ್ತು.