ಅಕ್ಕ ಹಿಡಿಯದ ಕುಸ್ತಿ

ಒಬ್ಬನ ಪಲ್ಯಕ್ಕೆ ಎರಡು ಬದನೆಕಾಯಿ ಸಾಕು ಎಂಬುದು ನಾನು ದೀರ್ಘ ಸಂಶೋಧನೆಯಿಂದ ಕಂಡುಕೊಂಡ ಸತ್ಯ. ಮೊನ್ನೆ ಅವೆರಡನ್ನು ಹೆಚ್ಚಿ, ನೀರಿಗೆ ಹಾಕುವುದು ಮರೆತು, ಪೇಪರ್ ಓದುತ್ತ ಕೂತೆ. ಎದ್ದು ಬಂದು ನೋಡಿದರೆ ಹೋಳುಗಳೆಲ್ಲ ಕಪ್ಪಿಟ್ಟಿದ್ದವು. ಆ ಬಣ್ಣ ನೋಡಿದ್ದೇ ತಡ, ಎದುರು ಮನೆಯ ವಸ್ತಾದರ ಕಿವಿ ನೆನಪಾಯಿತು...

ವಸ್ತಾದರು ಹಳಿಯಾಳದ ನಮ್ಮ ಓಣಿಯ ತಾಲೀಮಿನಲ್ಲಿ ಕುಸ್ತಿ ಕಲಿಸುತ್ತಿದ್ದರು. ಮದುವೆಯಾಗಿರಲಿಲ್ಲ. ಪೈಲ್ವಾನರ ಕಿವಿ ಜಜ್ಜಿ ದಪ್ಪವಾಗಿರುವುದು ಎಲ್ಲರಿಗೂ ಗೊತ್ತು. ಇವರ ಕಿವಿ ಅದರ ಮೇಲೆ ನೀಲಿಗಪ್ಪಾಗಿಯೂ ಇತ್ತು. ಓಣಿಯವರು ಅದನ್ನು ಪದವಿಯಂತೆ ಗೌರವಿಸುತ್ತಿದ್ದರು. ಎಷ್ಟು ಮಣ್ಣು ತಿಂದರೆ ಕಿವಿ ಹಾಗಾದೀತು ಎಂದು ಹೊಸಬರಿಗೆ ತೋರಿಸುತ್ತಿದ್ದರು. ಬೆನ್ನು ಸೆಟೆದು ಮೊಣಕಾಲು ಕೈಕೊಟ್ಟಾಗಲೂ ಅದು ಕುಸ್ತಿಯ ಲೆಕ್ಕಕ್ಕೇ ಹೋಯಿತು. ವಸ್ತಾದರು ಗೋಡೆ ಹಿಡಿದು ನಡೆಯುವುದರಲ್ಲೂ ಒಂದು ಗತ್ತಿತ್ತು.

ಅವರ ಅಕ್ಕನನ್ನು ಮುಂಡಗೋಡದ ಕಡೆ ಚಿಗಳ್ಳಿಗೆ ಕೊಟ್ಟಿದ್ದರು. ಆಕೆಯ ಕಿವಿಯೂ ಕಪ್ಪೇ. ಅದಕ್ಕೆ ಹಿತ್ತಾಳೆ ಓಲೆ ಕಾರಣವೆಂದು ಮನೆಯವರು ತೀರ್ಮಾನಿಸಿದ್ದರು. ಆಕೆಗೂ ಮೊಣಕಾಲು ನೋವು. ಭತ್ತದ ನಾಟಿಯ ಹೊತ್ತಿಗೆ ಬದುವಿನ ಮೇಲೆ ಕೂತುಬಿಡುತ್ತಾಳೆಂದು ಗಂಡನ ಮನೆಯವರು ಮೈಗಳ್ಳಿ ಎಂದು ಹೆಸರಿಟ್ಟಿದ್ದರು. ತಾಯಿ ಬದುಕಿದ್ದ ಕಾಲದಲ್ಲಿ ಒಂದು ನಾಗರಪಂಚಮಿಗೆ ಆಕೆ ತವರಿಗೆ ಬಂದವಳು, ಉಂಡಿ ಕಟ್ಟಲು ಕೂತು ಏಳಲಾಗದೆ ಹಾಗೇ ಉಳಿದಳಂತೆ. ವಸ್ತಾದರು ನೆರೆದ ಹೆಂಗಸರ ಮುಂದೆಯೇ ಅಂದರಂತೆ: “ನಾ ಮಣ್ಣಾಗ ಬಿದ್ದೆದ್ದು ಮೊಣಕಾಲ ಸವೆಸೇನಿ. ನೀ ಯಾವ ಕುಸ್ತಿ ಹಿಡಿದಿದ್ದಿ?”

ಎಲ್ಲರೂ ನಕ್ಕರು. ಆಕೆ ಮರುವರ್ಷ ಪಂಚಮಿಗೆ ಬರಲಿಲ್ಲ. ಆಮೇಲೂ ಬರಲಿಲ್ಲ.

ನೋವು ತೀರಾ ಹೆಚ್ಚಾದಾಗ ನಾನೇ ವಸ್ತಾದರನ್ನು ಹುಬ್ಬಳ್ಳಿಯ ಡಾಕ್ಟರೊಬ್ಬರಲ್ಲಿಗೆ ಕರೆದೊಯ್ದೆ. ತಪಾಸಣೆಗೆ ಕೊಟ್ಟ ಮೂತ್ರ ಬಾಟಲಿಯಲ್ಲಿ ನಿಂತಲ್ಲೇ ಕಪ್ಪಾಗಿತ್ತು. ವಸ್ತಾದರು ಬಾಟಲಿ ತೊಳೆದಿರಲಿಲ್ಲವೆಂದು ಆಕ್ಷೇಪಿಸಿದರು. ಡಾಕ್ಟರು ಕಿವಿ ನೋಡಿದರು, ಕಣ್ಣಿನ ಬಿಳಿಭಾಗ ನೋಡಿದರು, ತಂದೆತಾಯಿ ಸಂಬಂಧಿಕರೇ ಎಂದು ಕೇಳಿದರು. ತಾಯಿಯನ್ನು ಸೋದರಮಾವನಿಗೇ ಕೊಟ್ಟಿದ್ದರು. ರೋಗದ ಹೆಸರು ಆಲ್ಕ್ಯಾಪ್ಟೋನ್ಯೂರಿಯಾ. ಅದನ್ನು ಉಚ್ಚರಿಸುವಷ್ಟರಲ್ಲಿ ಆರೋಗ್ಯವಂತನಿಗೂ ಸುಸ್ತಾಗಬೇಕು. ತಂದೆಯಿಂದ ಒಂದು, ತಾಯಿಯಿಂದ ಒಂದು ದೋಷ ಸೇರಿದರೆ ಮಾತ್ರ ಬರುವ ಅಪರೂಪದ ಕಾಯಿಲೆ. ಉಂಡದ್ದರಲ್ಲಿ ಒಂದು ಅಂಶ ಪೂರ್ತಿ ಕರಗದೆ ಕೀಲುಗಳ ಮೃದ್ವಸ್ಥಿಯಲ್ಲಿ ಕೂರುತ್ತದೆ. ಹೆಚ್ಚಿಟ್ಟ ಬದನೆಕಾಯಿ ಗಾಳಿಗೆ ಕಪ್ಪಾಗುವಂತೆ ಆಮ್ಲಜನಕ ತಾಗಿ ಕಪ್ಪಾಗುತ್ತದೆ. ಹಾಗೆ ಕಪ್ಪಾದ ಕೀಲು ಪೆಡಸಾಗಿ ಪುಡಿಯಾಗುತ್ತದೆ. ಕುಸ್ತಿ ಸವೆತವನ್ನು ಹೆಚ್ಚಿಸಿರಬಹುದು, ಮೂಲ ಅದಲ್ಲ ಎಂದರು.

ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯೇ ಎಂದು ಡಾಕ್ಟರು ಕೇಳಿದಾಗ ವಸ್ತಾದರು ಹಿತ್ತಾಳೆ ಓಲೆಯ ಕಥೆ ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದರು. ಹಳಿಯಾಳದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿವಿ ಮುಟ್ಟಿಕೊಳ್ಳುತ್ತಿದ್ದರು. ತಮ್ಮ ಕಿವಿಯ ಪದವಿ ಹೋಯಿತೆಂದು ದುಃಖಿಸುತ್ತಿದ್ದಾರೆ ಅಂದುಕೊಂಡೆ. ಇಳಿಯುವಾಗ ಕೇಳಿದರು: “ಮಾಸ್ತರ್ರ, ಚಿಗಳ್ಳಿಗೆ ನನ್ನ ಜೋಡಿ ಬರ್ತೀರೇನು?”

ಹೋದೆವು. ಅಕ್ಕ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಅಕ್ಕಿ ಆರಿಸುತ್ತಿದ್ದರು. ನಮ್ಮನ್ನು ನೋಡಿ ಮತ್ತೆ ಮೊರಕ್ಕೇ ಕಣ್ಣಿಟ್ಟರು. ವಸ್ತಾದರು ನಿಂತೇ ಆಮ್ಲಜನಕ, ಸೋದರಮಾವ, ಬದನೆಕಾಯಿ ಎಲ್ಲವನ್ನೂ ಕಲಸಿ ಒಂದು ಉಪನ್ಯಾಸ ಕೊಟ್ಟರು. ನನ್ನ ತರಗತಿಯಲ್ಲಾಗಿದ್ದರೆ ನಪಾಸು ಮಾಡುತ್ತಿದ್ದೆ.

“ಬದನಿಕಾಯಿ ಸುದ್ದಿ ಹೇಳಾಕ ಇಷ್ಟು ದೂರ ಬಂದಿ?” ಅಂದರು ಅಕ್ಕ.

“ನಿನ್ನ ಮೊಣಕಾಲು ಖರೇನ ನೋಯ್ತಿದ್ದುವು, ಅಕ್ಕಾ.”

ಅಕ್ಕ ಮೊರದಲ್ಲಿ ಒಂದು ಕಲ್ಲು ಹುಡುಕಿ ಎಸೆದರು. “ನಾನೂ ಅದನ್ನ ಹೇಳಿದ್ದೆ.” ಇನ್ನಷ್ಟು ಅಕ್ಕಿ ಆರಿಸಿ ಅಂದರು: “ಒಳಗ ಚಾಪುಡಿ ಐತಿ. ನೀನ ಮಾಡು. ನನಗ ಏಳಾಕ ಆಗೂದಿಲ್ಲ.”

ವಸ್ತಾದರು ಗೋಡೆ ಹಿಡಿದು ಒಳಗೆ ಹೋಗಿ ಚಹಾ ಮಾಡಿದರು. ಸಕ್ಕರೆ ಹಾಕಿರಲಿಲ್ಲ. ಮೂವರೂ ಕುಡಿದು ಮುಗಿಸಿದೆವು.

ಮುಂದಿನ ಪಂಚಮಿಗೆ ಅಕ್ಕ ಬಂದರು. ಉಂಡಿ ಕಟ್ಟಿದ್ದು ವಸ್ತಾದರು, ಕೈಗೆತ್ತಿಕೊಂಡರೆ ಉದುರುತ್ತಿದ್ದವು. ಇಬ್ಬರೂ ಅಂಗಳದಲ್ಲಿ ಕಾಲು ಚಾಚಿ ಕೂತು ಯಾರ ಮೊಣಕಾಲು ಹೆಚ್ಚು ಕೆಟ್ಟಿದೆ ಎಂದು ಜಗಳವಾಡಿದ್ದು ನನಗೆ ನನ್ನ ಜಗುಲಿಗೇ ಕೇಳುತ್ತಿತ್ತು. ಅಂಥ ಪಂಚಮಿಗಳು ಹೆಚ್ಚೇನೂ ಆಗಲಿಲ್ಲ...

ವಸ್ತಾದರು ತೀರಿಕೊಂಡು, ಅವರ ಮಣ್ಣಿನ ದಿನ ಅಕ್ಕ ಟೆಂಪೋದಲ್ಲಿ ಬಂದರು. ಇಳಿಯಲು ಆಗಲಿಲ್ಲ. ಸೀಟಿನಲ್ಲೇ ಕೂತು ಬಾಗಿಲ ಕಡೆ ನೋಡುತ್ತಿದ್ದರು. ಒಡಹುಟ್ಟಿದವನು ಹೋದರೂ ಕೆಳಗಿಳಿಯಲಾರಳೇ ಎಂದು ಓಣಿಯ ಹೆಂಗಸರು ಮಾತಾಡಿಕೊಂಡರು. ಅದಕ್ಕೆ ಉತ್ತರ ಕೊಡಬೇಕಾದವರನ್ನು ಒಳಗೆ ಹಾರ ಹಾಕಿ ಗೋಡೆಗೆ ಆನಿಸಿ ಕೂರಿಸಿದ್ದರು. ಹಾಗಾಗಿ ನಾನೇ ಹೇಳಿದೆ, ಆಕೆಯ ಮೊಣಕಾಲು ಖರೇನೇ ನೋಯುತ್ತವೆ ಎಂದು. ಮಾಸ್ತರರ ಮಾತಿಗೆ ತಲೆಯಾಡಿಸುವ ರೂಢಿ ಓಣಿಗೆ ಇದ್ದೇ ಇದೆ. ತಲೆಯಾಡಿಸಿ ಮತ್ತೆ ಅದನ್ನೇ ಮಾತಾಡಿಕೊಂಡರು.

ಈಗ ಎದುರು ಮನೆಗೆ ಬೀಗ. ಅಕ್ಕ ಚಿಗಳ್ಳಿಯಲ್ಲಿದ್ದಾರೆ. ಅವರ ನೋವನ್ನು ನಂಬುವವರು ಅಲ್ಲಿನ ಮನೆಯಲ್ಲಿ ಯಾರಾದರೂ ಇದ್ದಾರೋ ಇಲ್ಲವೋ ತಿಳಿಯದು. ನಾನು ನಂಬುತ್ತೇನೆ. ಆದರೆ ನಾನಿರುವುದು ಹಳಿಯಾಳದಲ್ಲಿ, ಮತ್ತು ಅವರಿಗೆ ನಾನು ಏನೂ ಆಗಬೇಕಾದವನಲ್ಲ.