ಹುಚ್ಚಿನ ದೃಶ್ಯದಲ್ಲಿ ಮಾತು ಕೊಡುವಂತಿಲ್ಲ

ನಾಟಕ ಮಂಡಳಿಯಲ್ಲಿ ಎಲ್ಲರೂ ಅವಳನ್ನು ಪುಸ್ತಕದಕ್ಕ ಎಂದೇ ಕರೆಯುತ್ತಿದ್ದರು. ರಂಗದ ಬಲಗಡೆ, ಪಕ್ಕದ ಪರದೆಯ ಮರೆಯಲ್ಲಿ, ಮೊಳದೆತ್ತರದ ಸ್ಟೂಲಿನ ಮೇಲೆ ಕುಳಿತು, ಮಾತು ಮರೆತ ನಟರಿಗೆ ಪಿಸುದನಿಯಲ್ಲಿ ಎತ್ತಿಕೊಡುವುದು ಅವಳ ಕೆಲಸ. ಐವತ್ತೊಂದು ವರ್ಷ ಅದನ್ನೇ ಮಾಡಿದಳು. ಮಂಡಳಿ ಕಟ್ಟಿದವನು ಅವಳ ಅಪ್ಪ. ಹದಿನೇಳನೇ ವಯಸ್ಸಿಗೇ ಹದಿನೆಂಟು ನಾಟಕಗಳ ಎಲ್ಲ ಪಾತ್ರಗಳ ಮಾತೂ ಬಾಯಿಗೆ ಬರುತ್ತಿದ್ದ ಮಗಳನ್ನು ಅಳೆದು ನೋಡಿ, “ತಲೆ ಇದೆ, ಮುಖ ಇಲ್ಲ” ಎಂದು ತೀರ್ಪು ಕೊಟ್ಟು ಸ್ಟೂಲು ತೋರಿಸಿದ. ಮುಖ ಮಾತ್ರ ಇದ್ದ ತಮ್ಮನಿಗೆ ಕಿರೀಟ ಸಿಕ್ಕಿತು. ಅಪ್ಪ ಹೋದ ಮೇಲೆ ರಂಗಮಂದಿರವೂ ಅವನ ಹೆಸರಿಗೇ ಆಯಿತು. ಮದುವೆಯಾಗದ ಅಕ್ಕನಿಗೆ ಮಂದಿರದ ಹಿಂದಿನ ಎರಡು ಕೋಣೆಗಳಲ್ಲಿ ಇದ್ದುಕೊಳ್ಳುವ ಹಕ್ಕು, ಅದೂ ಬಾಯಿಮಾತಿನದು.

ತಮ್ಮ ಕೆಟ್ಟವನಲ್ಲ. ಕೆಟ್ಟವನಾಗಲು ಸ್ವಲ್ಪವಾದರೂ ಯೋಚಿಸುವ ಅಭ್ಯಾಸ ಬೇಕು. ಅವನಿಗೆ ಹೊಗಳಿಕೆ ಬೇಕಿತ್ತು, ಅದು ಯಾರ ಬಾಯಿಂದ ಬಂದರೂ ಆಗುತ್ತಿತ್ತು. ಟಿಕೆಟ್ ಹರಿಯುವವನು “ಇವತ್ತು ಬೆಂಕಿ ಯಜಮಾನ್ರೇ” ಎಂದರೆ ಅವನ ಕೆಲಸ ವರ್ಷಪೂರ್ತಿ ಭದ್ರ. “ಎರಡನೇ ಅಂಕದಲ್ಲಿ ಅವಸರ ಮಾಡಿದೆ” ಎಂದು ನಿಜ ಹೇಳುತ್ತಿದ್ದವಳು ಅಕ್ಕ ಒಬ್ಬಳೇ. ಹಾಗೆ ಹೇಳಿದ ದಿನ ಅವನು ಅವಳ ಕೋಣೆಯ ಕಡೆ ಸುಳಿಯುತ್ತಿರಲಿಲ್ಲ.

ಅವನಿಗೆ ಹೆಸರು ತಂದದ್ದು ಒಂದು ಹಳೆಯ ದುರಂತ ನಾಟಕ. ಮುದಿ ಅರಸನೊಬ್ಬ ತನ್ನ ತಮ್ಮನ ಚಾಡಿಮಾತು ನಂಬಿ ಸ್ವಂತ ಮಗನ ತಲೆ ತೆಗೆಸುತ್ತಾನೆ. ಸತ್ಯ ತಿಳಿದ ಮೇಲೆ ಹುಚ್ಚು ಹಿಡಿದು, ಕಂಡ ಕಂಡ ಕಾವಲುಗಾರರನ್ನು ಹಿಡಿದು “ನನ್ನ ಮಗ ಎಲ್ಲಿ?” ಎಂದು ಕೇಳುತ್ತಾ ಅಲೆಯುತ್ತಾನೆ. ಜನ ಕರವಸ್ತ್ರ ಒದ್ದೆ ಮಾಡಿಕೊಂಡು ಮನೆಗೆ ಹೋಗುತ್ತಿದ್ದರು. ಪುಸ್ತಕದಕ್ಕನ ಅಭಿಪ್ರಾಯ ಬೇರೆ. ಆ ಅರಸ ಮಗನನ್ನು ಕರೆದು ಒಂದೇ ಒಂದು ಪ್ರಶ್ನೆ ಕೇಳಿದ್ದರೆ ನಾಟಕ ಅರ್ಧ ಗಂಟೆಯಲ್ಲಿ ಮುಗಿದು ಎಲ್ಲರೂ ಹೊತ್ತಿಗೆ ಸರಿಯಾಗಿ ಊಟ ಮಾಡಬಹುದಿತ್ತು. “ಇದನ್ನ ದುರಂತ ಅಂತಾರೆ, ನಾನು ದಡ್ಡತನ ಅಂತೀನಿ” ಎನ್ನುತ್ತಿದ್ದಳು.

ಅವಳ ಕಸುಬಿಗೆ ಅಪ್ಪ ಹಾಕಿಕೊಟ್ಟ ಕಟ್ಟಳೆಗಳಿದ್ದವು. ಇಡೀ ವಾಕ್ಯ ಕೊಡಬಾರದು, ಮೊದಲ ಪದ ಸಾಕು. ನಟ ತಡವರಿಸುವ ಮೊದಲೇ ಕೊಡಬೇಕು. ಮತ್ತು ಹುಚ್ಚಿನ ದೃಶ್ಯದಲ್ಲಿ ಕೊಡಲೇಬಾರದು. ಹುಚ್ಚನ ಮೌನವೂ ಅಭಿನಯವೇ. ಅಲ್ಲೊಂದು ಪಿಸುಮಾತು ಕೇಳಿಸಿದರೆ ಆಟ ಬಯಲಾಗುತ್ತದೆ. ಆ ಇಪ್ಪತ್ತು ನಿಮಿಷ ಅವಳು ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡು ಕನ್ನಡಕ ಒರೆಸುತ್ತಿದ್ದಳು.

ಎರಡು ವರ್ಷದ ಹಿಂದೆ ತಮ್ಮ ಮಾತು ಬಿಡಲು ಶುರುಮಾಡಿದ. ಮೊದಲು ಪ್ರದರ್ಶನಕ್ಕೊಂದು, ಆಮೇಲೆ ದೃಶ್ಯಕ್ಕೊಂದು, ಕೊನೆಗೆ ಉಸಿರಿಗೊಂದು. ಅವನ ಎಡಭುಜ ಒಂದು ಬೆರಳಿನಷ್ಟು ಮೇಲೆದ್ದರೆ ಮಾತು ಜಾರಿದೆ ಎಂದರ್ಥ; ಭುಜ ಇಳಿಯುವಷ್ಟರಲ್ಲಿ ಪದ ಅವನ ಕಿವಿಯಲ್ಲಿರುತ್ತಿತ್ತು. ಪ್ರೇಕ್ಷಕರಿರಲಿ, ಎದುರು ನಿಂತ ನಟರಿಗೂ ಗೊತ್ತಾಗುತ್ತಿರಲಿಲ್ಲ. ವಯಸ್ಸಾಯಿತು, ಅಷ್ಟೇ ಎಂದುಕೊಂಡಳು. ತನ್ನ ಕೈಚಳಕದ ಬಗ್ಗೆ ಅವಳಿಗೆ ಒಳಗೊಳಗೇ ಬಿಂಕವಿತ್ತು. ಊರಿನವರ ದಡ್ಡತನವನ್ನೆಲ್ಲ ಜರಡಿ ಹಿಡಿಯುತ್ತಿದ್ದವಳು ತನ್ನದನ್ನು ಮಾತ್ರ ಜರಡಿಗೆ ಹಾಕಲಿಲ್ಲ.

ಅವಳು ಪುಸ್ತಕ ಮುಚ್ಚಿ ಕೂರುತ್ತಿದ್ದ ಆ ಇಪ್ಪತ್ತು ನಿಮಿಷಗಳಲ್ಲಿ ತಮ್ಮ ಎಲ್ಲೆಲ್ಲಿಗೋ ಹೋಗಲಾರಂಭಿಸಿದ. ಒಂದು ದಿನ ಕಾವಲುಗಾರನ ಜೇಬಿಗೆ ಕೈಹಾಕಿ ಮನೆಯ ಬೀಗದ ಕೈ ಹುಡುಕಿದ. ಇನ್ನೊಂದು ದಿನ ಕಿರೀಟ ಓರೆಮಾಡಿಕೊಂಡು ಮಂತ್ರಿಯನ್ನು ಕೇಳಿದ: “ಬಸ್ಸು ಹೊರಟುಹೋಯ್ತಾ?” ಸಭೆ ಉಸಿರು ಬಿಗಿಹಿಡಿಯಿತು, ಆಮೇಲೆ ಚಪ್ಪಾಳೆಯ ಸುರಿಮಳೆ. ಪತ್ರಿಕೆಯ ವಿಮರ್ಶಕನೊಬ್ಬ, ಆ ಬಸ್ಸು ಎಂದರೆ ಮೃತ್ಯು, ಅರಸ ಅದನ್ನು ತಪ್ಪಿಸಿಕೊಂಡವನು ಎಂದು ಎರಡು ಅಂಕಣ ಬರೆದ. ಮುಂದಿನ ವಾರದಿಂದ ಸೀಟು ಸಿಗದಾಯಿತು. ವಿದ್ಯಾವಂತರೆಲ್ಲ ಬಸ್ಸು ನೋಡಲು ಬಂದರು.

ಒಂದು ಮಧ್ಯಾಹ್ನ ಆಟ ಮುಗಿಸಿ ಬಂದ ತಮ್ಮ ಅವಳ ಸ್ಟೂಲಿನ ಮುಂದೆ ನಿಂತು, ಬಹಳ ವಿನಯದಿಂದ ಕೇಳಿದ: “ಅಮ್ಮಾ, ನೀವು ಯಾರ ಕಡೆಯವರು?”

ಅವಳು ನೇರ ಆಫೀಸು ಕೋಣೆಗೆ ಹೋದಳು. ಅಲ್ಲಿ ತಮ್ಮನ ಮಗ ಮೇಜಿನ ಹಿಂದೆ, ಮಗಳು ಮೇಜಿನ ಮೇಲೆ ಕುಳಿತಿದ್ದರು. ಇಬ್ಬರೂ ಬಣ್ಣ ಹಚ್ಚಿದವರಲ್ಲ. ಒಬ್ಬ ಮ್ಯಾನೇಜರು, ಇನ್ನೊಬ್ಬಳು ಪ್ರಚಾರ ನೋಡಿಕೊಳ್ಳುತ್ತಿದ್ದಳು.

“ನಿಮ್ಮಪ್ಪನಿಗೆ ತಲೆ ನಿಲ್ತಾ ಇಲ್ಲ. ನಾಟಕ ನಿಲ್ಸಿ, ಡಾಕ್ಟ್ರಿಗೆ ತೋರ್ಸಿ.”

“ಅತ್ತೆ, ಅಪ್ಪ ಈಗ ಅರಳ್ತಾ ಇದಾರೆ ಅಂತ ಪೇಪರಲ್ಲೇ ಬಂದಿದೆ” ಎಂದ ಮಗ.

“ಅರಳ್ತಾ ಇಲ್ಲ ಕಣೋ, ಉದುರ್ತಾ ಇದಾನೆ.”

“ಡಾಕ್ಟ್ರಿಗೆ ತೋರಿಸಿ ನಾಲ್ಕು ತಿಂಗಳಾಯ್ತು ಬಿಡಿ” ಎಂದುಬಿಟ್ಟಳು ಮಗಳು. ಅಣ್ಣ ಅವಳನ್ನು ನುಂಗುವ ಹಾಗೆ ನೋಡಿದ.

“ಏನಂದ್ರು?”

“ವಾಸಿಯಾಗೋದಲ್ಲ ಅಂದ್ರು. ಜನ, ಲೈಟು, ಗಲಾಟೆ ಬೇಡ ಅಂದ್ರು.”

“ಆದ್ರೂ ವಾರಕ್ಕೆ ಮೂರು ಆಟ ಆಡಿಸ್ತಿದೀರಾ?”

ಮುಚ್ಚಿಡಲು ಇನ್ನೇನೂ ಉಳಿದಿಲ್ಲವೆಂದು ಮಗ ಕುರ್ಚಿಗೆ ಒರಗಿಕೊಂಡು ಎಲ್ಲ ಹೇಳಿದ. ಮಂದಿರ ತಮ್ಮಿಬ್ಬರ ಹೆಸರಿಗೆ ಬರಬೇಕು, ಅದನ್ನು ಕೆಡವಿ ಅಂಗಡಿಸಾಲು ಕಟ್ಟಬೇಕು. ಆದರೆ ವಕೀಲ ಪುಕ್ಕಲ. ಯಜಮಾನರ ಬುದ್ಧಿ ನೆಟ್ಟಗಿದೆಯೆಂದು ಕಣ್ಣಾರೆ ನೋಡದೆ ಪತ್ರಕ್ಕೆ ಸಹಿ ಹಾಕಿಸುವುದಿಲ್ಲವಂತೆ. ಭಾನುವಾರ ಮಧ್ಯಾಹ್ನದ ಆಟಕ್ಕೆ ಬರುತ್ತಾನೆ. ಆಟ ಮುಗಿದ ಮೇಲೆ ಬಣ್ಣದ ಕೋಣೆಯಲ್ಲೇ ಸಹಿ.

“ಮೂರು ಗಂಟೆ ನಾಟಕ ಆಡೋ ಮನುಷ್ಯನಿಗೆ ಬುದ್ಧಿ ಸರಿಯಿಲ್ಲ ಅಂತ ಯಾವ ಕೋರ್ಟು ಹೇಳುತ್ತೆ ಅತ್ತೆ?”

“ಸಹಿ ಆದ್ಮೇಲೆ ಅವನನ್ನ ಏನ್ ಮಾಡ್ತೀರಿ?”

“ಊರಾಚೆ ಒಂದು ಆಶ್ರಮ ನೋಡಿದೀವಿ. ನಿಮಗೂ ಅಲ್ಲೇ ಒಂದು ಹಾಸಿಗೆ ಹೇಳಿದೀವಿ” ಎಂದಳು ಮಗಳು, ಉಪಕಾರ ಮಾಡಿದವಳ ಧ್ವನಿಯಲ್ಲಿ.

“ನನ್ನ ಹಾಸಿಗೆ ನಾನೇ ಹಾಸ್ಕೋತೀನಮ್ಮ” ಎಂದು ಪುಸ್ತಕದಕ್ಕ ಹೊರಟಳು.

ಅವಳು ಅಳಲಿಲ್ಲ. ಕೋಣೆಗೆ ಬಂದು ಕುಳಿತು ಲೆಕ್ಕಾಚಾರ ಹಾಕಿದಳು. ವಕೀಲನ ಬಳಿ ಹೋಗಿ ಹೇಳಿದರೆ, ಇರಲು ಜಾಗ ತಪ್ಪುತ್ತದೆಂದು ಮುದುಕಿ ಕಥೆ ಕಟ್ಟುತ್ತಿದ್ದಾಳೆ ಎನ್ನುತ್ತಾರೆ. ತಮ್ಮನಿಗೆ ಹೇಳಿದರೆ ಒಂದು ಗಳಿಗೆಯಲ್ಲಿ ಮರೆಯುತ್ತಾನೆ. ಅವನಿಗೆ ಬುದ್ಧಿಯಿದೆ ಎನ್ನಲು ಜಗತ್ತಿನಲ್ಲಿದ್ದ ಏಕೈಕ ಸಾಕ್ಷಿ ತನ್ನ ಪಿಸುದನಿ ಎಂಬುದು ಅವಳಿಗೆ ಆಗ ಹೊಳೆಯಿತು. ಮಕ್ಕಳು ನಾಲ್ಕು ತಿಂಗಳಿಂದ ಬಚ್ಚಿಟ್ಟದ್ದನ್ನು ಅವಳು ಎರಡು ವರ್ಷದಿಂದ ಬಚ್ಚಿಟ್ಟಿದ್ದಳು, ಅದೂ ಹೆಮ್ಮೆಪಟ್ಟುಕೊಂಡು.

ಭಾನುವಾರ ಸಭಾಂಗಣ ಕಿಕ್ಕಿರಿದಿತ್ತು. ವಕೀಲ ಎರಡನೆಯ ಸಾಲಿನಲ್ಲಿ ಚರ್ಮದ ಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಮೊದಲನೆಯ ಅಂಕ, ಆಸ್ಥಾನ. ಅರಸನಿಗಿನ್ನೂ ಹುಚ್ಚು ಹಿಡಿದಿಲ್ಲ. ಚಾಡಿ ಕೇಳಿ ಮುಗಿಸಿ ಈಗ ಮಗನ ಮೇಲೆ ಗುಡುಗಬೇಕು. ತಮ್ಮ ಸಿಂಹಾಸನದಿಂದ ಎದ್ದ. ಎಡಭುಜ ಮೇಲೆದ್ದಿತು.

ಪುಸ್ತಕದಕ್ಕ ಪುಟದ ಮೇಲೆ ಬೆರಳಿಟ್ಟುಕೊಂಡು ಬಾಯಿ ಮುಚ್ಚಿ ಕುಳಿತಳು.

ಭುಜ ಇಳಿಯಲಿಲ್ಲ. ಸಭೆಯಲ್ಲಿ ಯಾರೋ ಕೆಮ್ಮಿದರು. ತಮ್ಮ ಬಲಕ್ಕೆ ಪೂರ್ತಿ ತಿರುಗಿ, ಪರದೆಯ ಮರೆಯನ್ನೇ ನೋಡುತ್ತಾ, ಕೊನೆಯ ಸಾಲಿಗೂ ಕೇಳುವ ಆ ಕಂಚಿನ ಕಂಠದಲ್ಲಿ ಕೇಳಿದ: “ಅಕ್ಕಾ, ಹೇಳೇ.”

ಅವಳು ಹೇಳಲಿಲ್ಲ.

“ಏನಾದ್ರೂ ಒಂದು ಹೇಳೇ ಅಕ್ಕಾ.”

ಎಡಗಡೆಯ ಮರೆಯಿಂದ ಮಗ ತಾನೇ ಮಾತು ಕೊಡಲು ನುಗ್ಗಿದ. ಅಪ್ಪ ಸಾವಿರ ಸಲ ಆಡಿದ ನಾಟಕವನ್ನು ಒಮ್ಮೆಯೂ ಪೂರ್ತಿ ನೋಡದ ಮಗ ಅವನು; ಕಿವಿಗೆ ಬಿದ್ದಿದ್ದ ಒಂದೇ ಒಂದು ಸಾಲನ್ನು, ಕೊನೆಯ ಅಂಕದ್ದನ್ನು, ಬುಸುಗುಟ್ಟಿದ. ಅರಸ ಅದನ್ನೇ ವಿಧೇಯನಾಗಿ ಒಪ್ಪಿಸಿದ. ಮುಂದೆ ಜೀವಂತ ನಿಂತಿದ್ದ ರಾಜಕುಮಾರನ ಹೆಗಲು ಹಿಡಿದು, “ನನ್ನ ಮಗ ಎಲ್ಲಿ?” ಎಂದು ಗೋಳಾಡಿದ. ಸಭೆ ಗೊಳ್ಳೆಂದು ನಕ್ಕಿತು. ಅವನೂ ಜೊತೆಗೆ ನಕ್ಕ. ನಗು ನಿಂತಾಗ ಅವನ ಮುಖದಲ್ಲಿ ಹೆದರಿಕೆ ಉಳಿದಿತ್ತು.

“ಪರದೆ ಇಳ್ಸು!” ಎಂದು ಪುಸ್ತಕದಕ್ಕ ಗಟ್ಟಿಯಾಗಿ ಕೂಗಿದಳು. ಪರದೆ ಇಳಿಯಿತು.

ಬಣ್ಣದ ಕೋಣೆಗೆ ವಕೀಲ ಬಂದ. “ಸ್ವಾಮಿ, ನಿಮ್ಮ ಮಗ ಯಾರು, ತೋರಿಸ್ತೀರಾ?” ಎಂದು ಮೆಲ್ಲಗೆ ಕೇಳಿದ. ಅರಸ ಕೋಣೆಯನ್ನೆಲ್ಲ ನೋಡಿ, ಚೆನ್ನಾಗಿ ಬಟ್ಟೆ ತೊಟ್ಟಿದ್ದ ವಕೀಲನನ್ನೇ ತೋರಿಸಿದ. ವಕೀಲ ಚೀಲದ ಗುಂಡಿ ಬಿಚ್ಚದೆ ಎದ್ದುಹೋದ.

“ಬೇಕಂತಲೇ ಮಾಡಿದ್ರಿ ಅತ್ತೆ!” ಮಗ ಕೂಗಾಡಿದ. “ಅಷ್ಟು ಜನರ ಮುಂದೆ ಸ್ವಂತ ತಮ್ಮನ ಮಾನ ಕಳೆದ್ರಿ!”

“ಹೌದು, ಕಳೆದೆ. ಇನ್ನು ಅದೊಂದನ್ನಾದ್ರೂ ನೀವು ಮಾರೋಕೆ ಆಗಲ್ಲ.”

ಮಕ್ಕಳು ಆ ದಿನದಿಂದ ಬರುವುದು ಬಿಟ್ಟರು; ಕೊಡುವುದಕ್ಕೆ ಏನೂ ಇಲ್ಲದ ಅಪ್ಪನ ಬಳಿ ಅವರಿಗೇನು ಕೆಲಸ? ಮಂದಿರ ಅವನ ಹೆಸರಿನಲ್ಲೇ, ಬೀಗ ಹಾಕಿಕೊಂಡು ನಿಂತಿತು. ಅರ್ಧಕ್ಕೆ ನಿಂತ ನಾಟಕವೇ ನಿಜವಾದ ದುರಂತ, ಮಂಡಳಿಯ ಈ ದಿಟ್ಟ ಪ್ರಯೋಗ ಮೆಚ್ಚತಕ್ಕದ್ದು ಎಂದು ವಿಮರ್ಶಕ ಮೂರು ಅಂಕಣ ಬರೆದ.

ತಮ್ಮನನ್ನು ಅಕ್ಕ ಹಿಂದಿನ ಕೋಣೆಗೆ ಕರೆತಂದಳು. ಅವನಿಗೆ ತೀರಿಕೊಂಡ ಹೆಂಡತಿಯ ಹೆಸರು ಹೋಯಿತು, ಮಕ್ಕಳ ಮುಖ ಹೋಯಿತು, ಚಮಚ ಹಿಡಿಯುವುದೂ ಹೋಯಿತು. ಆದರೆ ಹೊಗಳಿಕೆ ತಪ್ಪಿದ ಆ ಒಂದು ಮಧ್ಯಾಹ್ನ ಮಾತ್ರ ಅವನಲ್ಲಿ ಅಚ್ಚೊತ್ತಿದಂತೆ ಉಳಿಯಿತು. ಡಾಕ್ಟರು ಬರಲಿ, ಹಾಲಿನವಳು ಬರಲಿ, ಬೆರಳು ತೋರಿಸಿ ದೂರು ಹೇಳುತ್ತಿದ್ದ.

“ಇವಳು ನನಗೆ ಮಾತು ಕೊಡ್ಲಿಲ್ಲ.”

“ಕೊಡ್ಲಿಲ್ಲ” ಎನ್ನುತ್ತಿದ್ದಳು ಪುಸ್ತಕದಕ್ಕ. “ಬಾಯಿ ತೆಗಿ, ತುತ್ತು ನುಂಗು.”