ನಾಲ್ಕು ವಾರದ ಸುಳ್ಳು

"ಮಿದುಳು ನುಣ್ಣಗಿದೆ," ಎಂದರು ಸ್ಕ್ಯಾನಿಂಗ್ ಡಾಕ್ಟರಮ್ಮ.

ನುಣ್ಣಗಿದ್ದರೆ ಒಳ್ಳೆಯದೇ ಅಲ್ಲವೇ ಎಂದುಕೊಂಡೆ, ದಡ್ಡಿ. ಹೊಟ್ಟೆಯ ಮೇಲೆ ತಣ್ಣನೆಯ ಜೆಲ್. ಪಕ್ಕದಲ್ಲಿ ಅತ್ತೆ. ಇಪ್ಪತ್ತೆಂಟನೇ ವಾರ.

ಇಲಿಯ ಮಿದುಳು ಕೊನೆಯವರೆಗೂ ನುಣ್ಣಗೇ ಇರುತ್ತದೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಮನುಷ್ಯರದು, ಬಹಳಷ್ಟು ಕೋತಿಗಳದು ಹಾಗಲ್ಲ. ಗರ್ಭದಲ್ಲಿರುವಾಗಲೇ ಹೊರಪದರ ಒಳಗಿನದಕ್ಕಿಂತ ಜೋರಾಗಿ ಬೆಳೆದು, ಹರಡಲು ಜಾಗ ಸಾಲದೆ, ತನ್ನನ್ನು ತಾನೇ ನೂಕಿಕೊಂಡು ಮಡಚಿಕೊಳ್ಳುತ್ತದೆ. ಈ ವಾರಕ್ಕೆ ಇರಬೇಕಾದ ಮಡಿಕೆಗಳು ನನ್ನ ಮಗುವಿಗೆ ಇರಲಿಲ್ಲ.

"ಮಗುನೂ ಸಣ್ಣದಿದೆ. ಕೊನೇ ಪೀರಿಯಡ್ಸ್ ಡೇಟ್ ಖಂಡಿತಾನಾ? ವಾರ ವಾರಕ್ಕೂ ಮಿದುಳು ಬದಲಾಗುತ್ತಮ್ಮ."

ಅತ್ತೆಯ ಮುಖ ನೋಡಿದೆ. "ಖಂಡಿತ," ಎಂದೆ.

ಸುಳ್ಳು.

ಮದುವೆಯಾದ ವರ್ಷದ ಆಷಾಢದಲ್ಲಿ ಸೊಸೆ ತವರಿನಲ್ಲಿರಬೇಕು. ಆ ತಿಂಗಳು ಬಸಿರಾದರೆ ಚೈತ್ರದ ಬಿಸಿಲಿಗೆ ಹೆರಿಗೆ, ಮನೆಗೆ ಕೇಡು ಎಂದು ಅತ್ತೆ ನಂಬಿದ್ದರು. ನಾನು ಸಿದ್ಧಾರ್ಥನಗರದ ತವರಿನಲ್ಲಿದ್ದೆ. ಅಮ್ಮ ಮಾರ್ಕೆಟ್ಟಿಗೆ ಹೋದಾಗಲೆಲ್ಲ ನನ್ನ ಗಂಡ ಮಹೇಶ ಸ್ಕೂಟರಿನಲ್ಲಿ ಬರುತ್ತಿದ್ದ. ಬಸಿರಾದೆ. ಕ್ಲಿನಿಕ್ಕಿನಲ್ಲಿ ಡೇಟ್ ಕೇಳಿದಾಗ ಅತ್ತೆ ಪಕ್ಕದಲ್ಲೇ ಇದ್ದರು, ಒಂದು ತಿಂಗಳು ಹಿಂದಿನದನ್ನು ಹೇಳಿಬಿಟ್ಟೆ. ಸಿಕ್ಕಿಬೀಳುತ್ತೇನೆಂದು ಮೂರು ತಿಂಗಳ, ಐದು ತಿಂಗಳ ಸ್ಕ್ಯಾನುಗಳನ್ನು ವಾಂತಿ, ಜ್ವರದ ನೆಪ ಹೇಳಿ ತಪ್ಪಿಸಿಕೊಂಡೆ.

"ಹಾಗಾದ್ರೆ ಎಂ.ಆರ್.ಐ. ಮಾಡಿಸಿ," ಎಂದರು ಡಾಕ್ಟರಮ್ಮ. "ಅದ್ರಲ್ಲೂ ಹೀಗೇ ಬಂದ್ರೆ ಮಗು ನಡೆಯೋದು, ಮಾತಾಡೋದು ಕಷ್ಟ. ಮುಂದೇನು ಅಂತ ಮೆಡಿಕಲ್ ಬೋರ್ಡ್ ಹೇಳುತ್ತೆ."

ರಾಮಕೃಷ್ಣನಗರದ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅತ್ತೆ ಮಗನಿಗೆ ಹೇಳಿದರು. "ಇಲಿ ಮಿದುಳಿನ ಮಗು ಕಟ್ಕೊಂಡು ಏನ್ ಮಾಡೀಯೆ? ತೆಗಿಸ್ಬುಡಾಣ ಕಣ್ಲಾ."

ಡೇಟ್ ಗೊತ್ತಿದ್ದ ಮಹಾರಾಯ ತಲೆ ತಗ್ಗಿಸಿದ. "ನೀ ಹೇಳ್ದಂಗೆ ಕಣವ್ವ."

ಅವನೇ ನಮಗೆಂದು ತಂದಿಟ್ಟಿದ್ದ ಮಜ್ಜಿಗೆಯ ಚೊಂಬು ಎತ್ತಿ ಅವನ ಮುಖಕ್ಕೆ ಬೀಸಿದೆ.

ಹುಬ್ಬು ಸೀಳಿತು. ರಕ್ತ, ಮಜ್ಜಿಗೆ, ಕೊತ್ತಂಬರಿ ಎಲ್ಲ ಅಂಗಿಯ ಮೇಲೆ. "ಬೊಗಳ್ರೀ! ಆಷಾಢದಲ್ಲಿ ಕಳ್ಳನ ಥರ ಬಂದೋರು ನೀವಲ್ವಾ?" ಎಂದು ಕಿರುಚಿದೆ. ಅತ್ತೆಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ನನ್ನ ಕೆನ್ನೆಗೆ ಬಾರಿಸಿದರು. ಕಿವಿ ಗುಂಯ್ ಎಂದಿತು. ಪೊರಕೆ ಹಿಡಿದು ಮಗನಿಗೂ ಬಡಿದರು, ಮತ್ತೆ ನನ್ನ ಕಡೆ ತಿರುಗಿದರು. ಅವರ ಮಣಿಕಟ್ಟು ಹಿಡಿದೆ.

"ನನಗೆ ಹೊಡೀರಿ ಅತ್ತೆ. ಹೊಟ್ಟೆ ತಂಟೆಗೆ ಬಂದ್ರೆ ಸಿಗಿದು ಹಾಕ್ತೀನಿ."

ಹೇಳಿದ್ದು ನಿಜವಾಗಿಯೇ.

ಮರುದಿನ ಡಾಕ್ಟರಮ್ಮನಿಗೆ ನಿಜ ಹೇಳಿದೆ. ಅವರೂ ಬೈದರು. "ಇಪ್ಪತ್ನಾಲ್ಕು ವಾರ ಆದ್ರೆ ಈ ಮಿದುಳು ಸರಿಯಾಗೇ ಇರಬಹುದು. ಇರಬಹುದು ಅಂದೆ ಅಷ್ಟೇ. ನಾಲ್ಕು ವಾರ ಬಿಟ್ಟು ಬನ್ನಿ."

ನಾಲ್ಕು ವಾರ ಅತ್ತೆ ನನ್ನೊಡನೆ ಮಾತಾಡಲಿಲ್ಲ, ಊಟ ಮಾತ್ರ ಬಡಿಸಿದರು. ನಾನು ಹೊಟ್ಟೆಯೊಡನೆ ಜಗಳ ಕಾಯುತ್ತಿದ್ದೆ. ಒದಿ, ಗುದ್ದು, ಮಡಚ್ಕೋ ಹಾಳಾದ್ದೇ! ಒಳಗೆ ಎಂಥ ನೂಕಾಟವಾದರೂ ಆಗಲಿ, ನನ್ನನ್ನು ಹರಿದರೂ ಸರಿ, ನಿನಗೆ ಆ ಗೆರೆಗಳು ಮೂಡಲಿ ಎಂದು ಹಲ್ಲು ಕಚ್ಚಿ ಬೇಡಿದೆ.

ಸ್ಕ್ಯಾನಿಂಗ್ ಕೌಂಟರಿನ ಹುಡುಗಿ ಮತ್ತೆ ಡೇಟ್ ಕೇಳಿದಳು. ಹಾಲ್ ತುಂಬ ಜನ. ನಾನು ಹಳೆಯ ಫೈಲು ತಡಕಾಡತೊಡಗಿದೆ.

"ಆಷಾಢದಲ್ಲಿ ಬಸ್ರಾಗಿದ್ದು ಕಣಮ್ಮ," ಎಂದರು ಹಿಂದಿನಿಂದ ಅತ್ತೆ, ಇಡೀ ಹಾಲಿಗೆ ಕೇಳುವಂತೆ. "ಸರಿಯಾಗ್ ಬರ್ಕೊ."

ಡಾಕ್ಟರಮ್ಮ ಪರದೆಯ ಮೇಲೆ ಬೆರಳಿಟ್ಟರು. "ಇಲ್ಲೊಂದು ಮಡಿಕೆ. ಇಲ್ಲೊಂದು. ವಾರಕ್ಕೆ ತಕ್ಕ ಹಾಗೆ ಬಂದಿದೆ." ನಾನು ಗೊಳೋ ಎಂದು ಅತ್ತುಬಿಟ್ಟೆ.

ಮಗಳು ಚೈತ್ರದಲ್ಲೇ ಹುಟ್ಟಿದಳು. ಈಗ ಎರಡು ತಿಂಗಳು. ಸದ್ಯಕ್ಕೆ ಎಲ್ಲ ಸರಿಯಿದೆ, ಎರಡು ವರ್ಷ ಬೆಳವಣಿಗೆ ಗಮನಿಸುತ್ತಿರಿ ಎಂದಿದ್ದಾರೆ ಮಕ್ಕಳ ಡಾಕ್ಟರು. ಅತ್ತೆಯ ಆ ಏಟನ್ನು ನಾನು ಮರೆತಿಲ್ಲ. ಮಹೇಶನ ಹುಬ್ಬಿನಲ್ಲಿ ಹೊಲಿಗೆಯ ಗುರುತಿದೆ, ಇರಲಿ.

ನಿನ್ನೆ ಮಗು ಮೊದಲ ಸಲ ನಕ್ಕಿತು. ನೀರೆರೆಯಲು ಕಾಲಮೇಲೆ ಹಾಕಿಕೊಂಡಿದ್ದ ಅತ್ತೆಯ ಮುಖ ನೋಡಿ.

ನನಗೆ ಹೊಟ್ಟೆ ಉರಿದುಹೋಯಿತು.